ಟಿಕೆಟ್ಟಿನ ಕೊಬ್ಬು, ಪಾಸಿನ ಕೊಬ್ಬು

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಸಿದೆ, ಅದರಲ್ಲಿ ಅರ್ಧ ಲೋಟದಷ್ಟು ಉಕ್ಕಿಸಿ ಒಲೆ ಒರೆಸಿದೆ. ಮನೆಯವರ ಡಬ್ಬಿಗೆ ಅಕ್ಕಿರೊಟ್ಟಿ, ಹುರುಳಿಕಾಳಿನ ಪಲ್ಯ ಕಟ್ಟಿದೆ. ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟು, ಅದು ಗಂಟಲಿಗೆ ಇಳಿಯಿತೋ ಸೆರಗಿನ ತುದಿಗೆ ಸೇರಿತೋ ಅಂತ ನಿಂತು ನೋಡಿದೆ. ಪಕ್ಕದ ಬೀದಿಯ ಟೀಚರಮ್ಮನ ಎರಡು ಸೀರೆಗೆ ಫಾಲ್ ಹಚ್ಚಿದೆ. ರಾತ್ರಿಯ ಕಡುಬಿಗೆ ಅಕ್ಕಿ ತರಿ ಒಡೆಸಿಕೊಂಡು ಬಂದೆ. ಮೀನಿನವನ ಹಾರನ್ ಕೇಳಿದ ಕೂಡಲೇ ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿ ಬೂತಾಯಿ ತಂದೆ. ಹಿತ್ತಲ ಕಲ್ಲಿನ ಮೇಲೆ ಕೂತು ಹೆರೆದು, ತೊಳೆದು, ಬೆಕ್ಕಿನ ಪಾಲನ್ನು ಬೆಕ್ಕಿಗೆ ಕೊಟ್ಟೆ. ಸಾರಿಗೆ ಹುಳಿ ಬೇಕಲ್ಲ, ಹುಣಸೆ ಡಬ್ಬಿ ತೆಗೆದರೆ ಬರೀ ಬೀಜ. ಸರಿ, ಅಟ್ಟದ ಮೇಲಿದ್ದ ಹಳೆ ಹುಣಸೆಯ ಭರಣಿ ಇಳಿಸಿ ಕೈ ಹಾಕಿದೆ. ಬೀಜಕ್ಕಿಂತ ಗಟ್ಟಿಯಾದದ್ದೇನೋ ಬೆರಳಿಗೆ ತಾಗಿತು. ಎಳೆದೆ. ಬಂತು, ಮಿಳ್ಳೆ!

"ಅತ್ತೇ, ನಿಮ್ಮ ಮಿಳ್ಳೆ ಸಿಕ್ತು!"

ತುಪ್ಪ ಬಡಿಸುವ ಈ ಹಿತ್ತಾಳೆಯ ಪುಟ್ಟ ಸೌಟು ಅತ್ತೆಯ ತವರು, ಕೊಪ್ಪದ ಹತ್ತಿರದ ನಾರ್ವೆ ಅನ್ನುವ ಹಳ್ಳಿಯಿಂದ ಅವರ ಜೊತೆಗೇ ನಮ್ಮ ಮನೆಗೆ ಬಂದದ್ದು. ಹೋದ ವರ್ಷದಿಂದ ಕಾಣೆಯಾಗಿತ್ತು. ಅದು ಕಳೆದುಹೋದ ಗುಮಾನಿ ಮೊದಲು ನನ್ನ ಮೇಲೆ ಬಂತು. ಆಮೇಲೆ ಗ್ಯಾಸ್ ಸಿಲಿಂಡರಿನವನ ಮೇಲೆ, ಆಮೇಲೆ ಊಟಕ್ಕೆ ಬಂದಿದ್ದ ಕಿಗ್ಗದ ನೆಂಟರ ಮೇಲೆ, ಕೊನೆಗೆ ಬೆಕ್ಕಿನ ಮೇಲೆ. ಬೆಕ್ಕು ಮಿಳ್ಳೆ ಇಟ್ಟುಕೊಂಡು ಏನು ಮಾಡುತ್ತದೆ ಅಂತ ನಾನು ಕೇಳಿದ್ದಕ್ಕೆ, "ತುಪ್ಪದ ವಾಸನೆ ಇತ್ತಲ್ಲೇ" ಅಂದಿದ್ದರು.

ಅತ್ತೆ ಕೋಲೂರಿಕೊಂಡು ಬಂದು ಬಗ್ಗಿ ನೋಡಿದರು. "ಅಲ್ಲಿ ಯಾರೇ ಇಟ್ಟಿದ್ದು?"

"ಅಟ್ಟಕ್ಕೆ ಬೆಕ್ಕು ಹತ್ತುತ್ತೆ ಅತ್ತೆ, ಆದ್ರೆ ಭರಣಿ ಮುಚ್ಚಳ ತೆಗೆಯೋಕೆ ಬರಲ್ಲ."

"ಹಂಗಾದ್ರೆ ನಾನಾ? ನಂಗೆಂಥ ಮರುಳಾ?" ಅಂದವರು ಹಾಗೇ ನಿಂತರು. ಮುಖದ ಮೇಲೆ ಒಂದೊಂದೇ ದೀಪ ಹತ್ತಿದ ಹಾಗಾಯಿತು. "ಅಯ್ಯೋ ಸಾಯ್ಲಿ ಅತ್ಲಾಗೆ! ನಾಗೇಶನ ರಕ್ತದ ಚೀಟಿ ಬಂದ ದಿನ!" ಅಂತ ಕೋಲು ಗೋಡೆಗೆ ಒರಗಿಸಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ಶುರುಮಾಡಿದರು. ನನಗೂ ತಡೆಯಲಿಲ್ಲ. ನಗು ಮುಗಿದ ಮೇಲೆ ಮಿಳ್ಳೆ ಅಂಟಿಕೊಂಡಿದ್ದ ಹುಣಸೆಯನ್ನು ಕಿಲುಬು ಹತ್ತಿರಬಹುದು ಅಂತ ಕಿತ್ತು ಎಸೆದೆ. ಮಿಳ್ಳೆಯನ್ನು ತೊಳೆದೆ ನೋಡಿ, ಮದುವೆಯ ದಿನ ಕೊಟ್ಟ ಹಾಗೆ ಹೊಳೆಯಿತು! ಹಿತ್ತಾಳೆ ಬೆಳಗಲು ಹುಣಸೆ ತಿಕ್ಕಬೇಕು ಅಂತ ಎಲ್ಲರಿಗೂ ಗೊತ್ತು. ಒಂದು ವರ್ಷ ನೆನೆಹಾಕಬೇಕು ಅಂತ ನಮ್ಮ ಅತ್ತೆಗೆ ಮಾತ್ರ ಗೊತ್ತು.

ಈಗ ಆ ರಕ್ತದ ಚೀಟಿಯ ಕಥೆ ಹೇಳದಿದ್ದರೆ ನಿಮಗೆ ನಾವು ಯಾಕೆ ನಕ್ಕೆವು ಅಂತ ಗೊತ್ತಾಗುವುದಿಲ್ಲ.

ನಮ್ಮ ಮನೆಯವರು ಬಸ್ ಡ್ರೈವರ್. ಶೃಂಗೇರಿಯಿಂದ ಕೊಪ್ಪ, ಕೊಪ್ಪದಿಂದ ಎನ್ನಾರ್ ಪುರ, ಮತ್ತೆ ಹಿಂದಕ್ಕೆ. ಹೆಸರು ನಾಗೇಶ ಅಂತ ನೀವು ಈಗಾಗಲೇ ಅತ್ತೆಯ ಬಾಯಲ್ಲಿ ಕೇಳಿದಿರಿ; ನನಗೆ ಹೇಳುವ ಅಭ್ಯಾಸ ಇಲ್ಲ. ಎದುರಿಂದ ಸ್ಕೂಟರ್ ಬಂದರೂ ಬಸ್ಸನ್ನು ಪಕ್ಕಕ್ಕೆ ತೆಗೆದು ನಿಲ್ಲಿಸುವ ಮನುಷ್ಯ. ಯಾರಾದರೂ ಮುದುಕಿ ದೂರದಿಂದ ಕೈಯೆತ್ತಿದರೆ, ಆಕೆ ಬಂದು, ಹತ್ತಿ, ಎಲೆಅಡಿಕೆ ಚೀಲ ಸರಿಮಾಡಿಕೊಂಡು ಕೂರುವ ತನಕ ಕ್ಲಚ್ ಬಿಡುವುದಿಲ್ಲ. ಇಂಥವರಿಗೆ ಡಾಕ್ಟರಮ್ಮ ರಿಪೋರ್ಟ್ ನೋಡಿ, "ನಾಗೇಶ್, ನಿಮಗೆ ಕೊಬ್ಬು ಬಹಳ ಜಾಸ್ತಿ ಇದೆ" ಅಂದುಬಿಟ್ಟರು.

ಬಸ್ಸಿನ ಮಾಲೀಕರು ಎಲ್ಲ ಡ್ರೈವರುಗಳೂ ಒಂದು ಸಲ ರಕ್ತ ತೋರಿಸಿಕೊಳ್ಳಿ ಅಂದಿದ್ದರು, ಹಾಗಾಗಿ ತೋರಿಸಿದ್ದು. ಮನೆಗೆ ಬಂದು ಇವರು ಬೇಜಾರಿನಲ್ಲಿ ಕುರ್ಚಿಗೆ ಕುಸಿದು, "ಸರೋಜಾ, ಇಷ್ಟು ವರ್ಷದಲ್ಲಿ ಒಬ್ಬ ಪ್ಯಾಸೆಂಜರೂ ನಂಗೆ ಕೊಬ್ಬು ಅಂತ ಹೇಳಿಲ್ಲ ಮಾರಾಯ್ತಿ" ಅಂದರು. ನಮ್ಮ ಭಾಷೆಯ ಪಾಡೇ ಹಾಗೆ. ಸೊಕ್ಕಿಗೂ ಕೊಬ್ಬು, ಸೊಂಟದ ಸುತ್ತ ಇರುವುದಕ್ಕೂ ಕೊಬ್ಬು, ಈಗ ರಕ್ತದಲ್ಲಿ ತೇಲುವುದಕ್ಕೂ ಕೊಬ್ಬು. ಅತ್ತೆ ಒಳಗಿನಿಂದಲೇ, "ಕೊಬ್ಬು ಇದ್ರೆ ಅದು ನಿನ್ನ ಹೆಂಡ್ತಿ ನಾಲಿಗೇಲಿ ಇರ್ಬೇಕು. ನಿಂಗೆಲ್ಲಿಂದ ಬಂತು?" ಅಂದರು. ಅಂದದ್ದು ತಮಾಷೆಗೆ. ಆದರೆ ಅವರ ಧ್ವನಿ ನಡುಗಿತು.

ನಡುಗಿದ್ದು ಯಾಕೆ ಅಂದರೆ, ನಮ್ಮ ಮಾವ ಹೋದದ್ದು ಹೃದಯದ ಕಾಯಿಲೆಯಲ್ಲಿ. ಮರದ ನಾಟಾ ಸಾಗಿಸುವ ಲಾರಿ ಓಡಿಸುತ್ತಿದ್ದವರು. ಒಂದು ಮಧ್ಯಾಹ್ನ ಊಟ ಮಾಡಿ, ಗೋಡೆಗೆ ಒರಗಿ ಕೂತವರು ಏಳಲಿಲ್ಲ. ಆಗ ಅವರಿಗೆ ಎಷ್ಟು ವಯಸ್ಸೋ, ಹೋದ ವರ್ಷ ಇವರು ಹೆಚ್ಚುಕಮ್ಮಿ ಅದೇ ವಯಸ್ಸಿಗೆ ಬಂದಿದ್ದರು. ಅಪ್ಪ ದಾಟದ ಗಡಿಯನ್ನು ತಾನೂ ದಾಟುವುದಿಲ್ಲ ಅಂತ ಇವರ ಮನಸ್ಸಿನಲ್ಲಿ ಎಂದೋ ಕೂತುಬಿಟ್ಟಿತ್ತು. ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಹಿತ್ತಲಲ್ಲಿ ಒಂದು ಹಲಸಿನ ಗಿಡ ನೆಡೋಣ ಅಂತ ನಾನು ಎಷ್ಟು ಸಲ ಅಂದರೂ, "ಅದು ಹಣ್ಣು ಬಿಡೋ ಹೊತ್ತಿಗೆ ಯಾರಿರ್ತಾರೋ ಯಾರಿಲ್ವೋ" ಅಂತ ಮಾತು ಮುಗಿಸುತ್ತಿದ್ದರು. ಹೊಸ ಕುಕ್ಕರ್ ತರುವಾಗ ಅಂಗಡಿಯವನು ಗ್ಯಾರಂಟಿ ವರ್ಷ ಹೇಳಿದರೆ ನನ್ನ ಕಡೆ ತಿರುಗಿ, "ನಿಂಗೆ ಸಾಕಲ್ಲ?" ಅನ್ನುತ್ತಿದ್ದರು. ನಮಗೆ ಅಲ್ಲ, ನಿನಗೆ. ಆ ಒಂದು ಮಾತು ಹಿಡಿದುಕೊಂಡು ನಾನು ಅಂಗಡಿಯಿಂದ ಮನೆತನಕ ಮಾತಾಡದೆ ಬಂದಿದ್ದೆ.

ಅತ್ತೆಯದು ಇನ್ನೊಂದು ಥರ. ಮಾವ ಹೋದ ಮೇಲೆ ಅವರು ಮಗ ಮನೆಗೆ ಬರುವ ತನಕ ಕಣ್ಣು ಮುಚ್ಚಿದ್ದೇ ಇಲ್ಲ. ಕೊನೆಯ ಟ್ರಿಪ್ ಮುಗಿಸಿ ಇವರು ಬಂದು, ಕಾಲು ತೊಳೆದು, ಊಟ ಮಾಡಿ, ಒಂದು ಸಲ ತೇಗಬೇಕು. ಆ ತೇಗು ಕಿವಿಗೆ ಬಿದ್ದ ಮೇಲೆ ಅತ್ತೆ ಗೋಡೆ ಕಡೆ ಮಗ್ಗುಲಾಗುತ್ತಾರೆ. ನಾನು ಮದುವೆಯಾಗಿ ಬಂದಂದಿನಿಂದ ನೋಡಿದ್ದು ಇದನ್ನೇ. ಮೊದಮೊದಲು ಅತ್ತೆ ನನ್ನನ್ನು ಕಾಯುತ್ತಾರೆ ಅಂದುಕೊಂಡು ಹೆದರಿದ್ದೆ.

ಇಂಥ ಮನೆಗೆ ಆ ರಿಪೋರ್ಟ್ ಬಂತು. ಟ್ರೈಗ್ಲಿಸರೈಡ್ ಅನ್ನುವ ಹೆಸರಿನ ಎದುರು ಇರುವ ಅಂಕಿ ಇರಬೇಕಾದ್ದಕ್ಕಿಂತ ಎಷ್ಟೋ ಮೇಲೆ. "ಇಷ್ಟು ಇರೋದು ಒಳ್ಳೇದಲ್ಲ. ಕೆಲವು ವಾರ ತುಪ್ಪ, ಕರಿದದ್ದು, ಸಿಹಿ ಎಲ್ಲ ಬಿಡಿ. ಇನ್ನೊಂದು ಸಲ ನೋಡೋಣ. ಆಗ್ಲೂ ಹೀಗೇ ಇದ್ರೆ ಶಿವಮೊಗ್ಗಕ್ಕೆ ಬರ್ಕೊಡ್ತೀನಿ" ಅಂದರು ಡಾಕ್ಟರಮ್ಮ. "ಬಸ್ಸು?" ಅಂತ ಇವರು ಕೇಳಿದ್ದಕ್ಕೆ, "ಅದನ್ನ ಆಮೇಲೆ ನೋಡೋಣ" ಅಂದರಂತೆ. ಆ 'ಆಮೇಲೆ' ಅನ್ನುವ ಪದ ನಮ್ಮ ಮನೆಗೆ ಬಂದು ನೆಂಟರ ಹಾಗೆ ಠಿಕಾಣಿ ಹೂಡಿತು.

ಅವತ್ತು, ಹುಣಸೆಯ ಭರಣಿ ಇನ್ನೂ ಅಟ್ಟ ಹತ್ತದೆ ಕೆಳಗಿದ್ದಾಗಲೇ, ಅತ್ತೆ ಮಿಳ್ಳೆ ಬಚ್ಚಿಟ್ಟರು. ತುಪ್ಪದ ಭರಣಿ ಅಲ್ಲ, ಮಿಳ್ಳೆ. "ತುಪ್ಪ ಬಚ್ಚಿಟ್ರೆ ಹುಡುಕ್ತಾನೆ. ಮಿಳ್ಳೆ ಇಲ್ದಿದ್ರೆ ಬೇರೆ ಸೌಟಲ್ಲಿ ಬಡಿಸ್ಕೊಳ್ಳೋಕೆ ಅವನಿಗೆ ಮನಸ್ಸು ಬರಲ್ಲ" ಅನ್ನುವುದು ಅವರ ಲೆಕ್ಕ ಇದ್ದಿರಬೇಕು. ಬಚ್ಚಿಟ್ಟದ್ದನ್ನು ತಾವೇ ಮರೆತದ್ದು ಲೆಕ್ಕದ ಹೊರಗಿನದು. ನಾನು ಎಣ್ಣೆಯ ಕ್ಯಾನನ್ನು ಅಕ್ಕಿ ಚೀಲದ ಹಿಂದೆ ದೂಡಿದೆ. ಹೀರೆಕಾಯಿ, ಪಡುವಲ, ಸೌತೆ ಅಂತ ನೀರು ತುಂಬಿದ ತರಕಾರಿಗಳನ್ನೆಲ್ಲ ಬೇಯಿಸಿ ಬೇಯಿಸಿ ಹಾಕಿದೆ. ಇವರು ಹಾಕಿದ್ದನ್ನೆಲ್ಲ ತಿಂದರು. ಶೃಂಗೇರಿ ರಸ್ತೆಯ ತಿರುವುಗಳಲ್ಲಿ ಸಿಳ್ಳೆ ಹಾಕಿಕೊಂಡು ಬಸ್ ಓಡಿಸುತ್ತಿದ್ದವರು ಸಿಳ್ಳೆ ನಿಲ್ಲಿಸಿದ್ದಾರೆ ಅಂತ ಕಂಡಕ್ಟರ್ ನನಗೆ ಸಂತೆಯಲ್ಲಿ ಸಿಕ್ಕಿ ಹೇಳಿದ.

ಮಲಗಿದ ಮೇಲೆ ಇವರು ತಮ್ಮ ಎದೆಬಡಿತ ತಾವೇ ಕೇಳಿಕೊಂಡು ಬಿದ್ದಿರುತ್ತಿದ್ದರು. ನಾನು ಇವರ ಉಸಿರು ಕೇಳಿಕೊಂಡು ಬಿದ್ದಿರುತ್ತಿದ್ದೆ.

"ನಿದ್ದೆ ಬಂತಾ?"

"ಹೂಂ, ಬಂತು."

"ಬಂದವರು ಮಾತಾಡ್ತೀರಲ್ಲ."

"ನೀನು ಕೇಳಿದ್ದಕ್ಕೆ ಎಚ್ಚರ ಆಯ್ತು."

ಆಚೆ ಕೋಣೆಯಿಂದ ಅತ್ತೆ: "ಇಬ್ರೂ ಸುಮ್ನೆ ಮಲಗ್ರೋ. ನಂಗೆ ನಿದ್ದೆ ಬಂದಿತ್ತು." ಅದೂ ಸುಳ್ಳೇ.

ಕೊನೆಗೂ ಇನ್ನೊಮ್ಮೆ ರಕ್ತ ಕೊಡುವ ದಿನ ಬಂತು. ಈ ಸಲ ನಾನೂ ಹೋದೆ; ಬೇಡ ಅಂದರೂ ಅತ್ತೆಯೂ ಹೊರಟರು. ಲ್ಯಾಬಿನ ಹುಡುಗಿ ರಶ್ಮಿ, ಇವರ ಬಸ್ಸಲ್ಲೇ ದಿನಾ ಬರುವವಳು. ತೋಳಿಗೆ ರಬ್ಬರ್ ಕಟ್ಟುತ್ತಾ ಕೇಳಿದಳು: "ನಾಗೇಶಣ್ಣ, ಉಪವಾಸ ಇದ್ದೀರಲ್ಲ?"

"ಇದ್ದೀನಮ್ಮ. ಹೋದ ಸಲದಂಗೇ ಕಟ್ಟುನಿಟ್ಟು. ಒಂದು ಅಗುಳು ಅನ್ನ ಮುಟ್ಟಿಲ್ಲ."

ರಶ್ಮಿಯ ಕೈ ನಿಂತಿತು. "ಅನ್ನ ಮುಟ್ಟಿಲ್ಲ, ಸರಿ. ಮತ್ತೆಂಥ ಮುಟ್ಟಿದ್ದೀರಿ?"

"ಈ ಸಲ ಎಂಥದೂ ಇಲ್ಲ ಮಾರಾಯ್ತಿ. ರಾತ್ರಿ ಒಂದು ತಟ್ಟೆ ಅವಲಕ್ಕಿ, ಎರಡು ಬಾಳೆಹಣ್ಣು. ತುಪ್ಪ ಡಾಕ್ಟರು ಬಿಡಿಸಿದ್ದಾರಲ್ಲ, ಬರೀ ಕಾಯಿ-ಬೆಲ್ಲ ಹಾಕಿದ್ದು."

"ಬೆಳಿಗ್ಗೆ?"

"ಬೆಳಿಗ್ಗೆ ಕಾಫಿ ಅಷ್ಟೆ."

"ಕಾಫಿ!"

"ಕಾಫಿ ಊಟವಾ?" ಅಂತ ಬೆಂಚಿನ ಮೇಲಿಂದ ಅತ್ತೆ ಕೇಳಿದರು.

ರಶ್ಮಿ ಸೂಜಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. "ಅಣ್ಣ, ಹೋದ ಸಲ ಎಂಥ ತಿಂದಿದ್ರಿ? ನಿಜ ಹೇಳಿ."

ಹೇಳುವ ಕೆಲಸವನ್ನು ಅತ್ತೆ ತಾವೇ ತೆಗೆದುಕೊಂಡರು, ಹೆಮ್ಮೆಯಿಂದ. "ಉಪವಾಸ ಇರೋನಿಗೆ ನಿಶ್ಶಕ್ತಿ ಆಗ್ಬಾರ್ದು ಅಂತ ನಾನೇ ನಿಂತು ಮಾಡಿಸಿದ್ದೆ ಮಗಾ. ಅವಲಕ್ಕಿಗೆ ತುಪ್ಪ, ಬೆಲ್ಲ, ಕಾಯಿ. ರವೆ ಸಜ್ಜಿಗೆ, ಅದಕ್ಕೂ ತುಪ್ಪ. ನೇಂದ್ರ ಬಾಳೆಹಣ್ಣು ತುಪ್ಪದಲ್ಲಿ ಹುರಿದದ್ದು. ಹಲಸಿನ ಹಪ್ಪಳ ಕರಿದದ್ದು, ಎಷ್ಟು ಅಂತ ಎಣಿಸಿಲ್ಲ. ಮಲಗೋಕೆ ಮುಂಚೆ ಕೆನೆಹಾಲು. ಬೆಳಿಗ್ಗೆ ಇವ ಕಾಫಿ ಜೊತೆ ಎರಡು ಬನ್ಸ್ ತಿಂದು ಬಂದ. ಒಟ್ಟಲ್ಲಿ ಅನ್ನ ಮಾತ್ರ ತೋರಿಸಿಲ್ಲ."

ಲ್ಯಾಬಿನಲ್ಲಿ ರಕ್ತ ಕೊಡಲು ಕೂತಿದ್ದವರೆಲ್ಲ ನಗಲು ಶುರುಮಾಡಿದರು. ಮೂತ್ರದ ಡಬ್ಬಿ ಹಿಡಿದು ನಿಂತಿದ್ದ ಒಬ್ಬರು ನಗುವಿಗೆ ಅದನ್ನು ಕೆಳಗಿಡಬೇಕಾಯಿತು. ರಶ್ಮಿ ಕಣ್ಣೊರೆಸಿಕೊಂಡು, "ಅಜ್ಜಿ, ಅದು ಉಪವಾಸ ಅಲ್ಲ, ಗೃಹಪ್ರವೇಶ" ಅಂದಳು.

ಆದರೆ ನೀವೇ ಹೇಳಿ, ತಪ್ಪು ಯಾರದು? ನಮ್ಮ ಕಡೆ ಉಪವಾಸ ಅಂದರೆ ಅನ್ನ ಬಿಡುವುದು. ಶನಿವಾರದ ಒಪ್ಪತ್ತಿಗಾಗಲಿ ಶಿವರಾತ್ರಿಗಾಗಲಿ ಬಿಡುವುದು ಅನ್ನ. ಅವಲಕ್ಕಿ ಅಕ್ಕಿಯದೇ ಅಲ್ಲವಾ ಅಂತ ಕೇಳಬೇಡಿ. ಒನಕೆಯ ಪೆಟ್ಟು ಬಿದ್ದ ಮೇಲೆ ಅಕ್ಕಿಗೆ ಅನ್ನದ ದೋಷ ಇರುವುದಿಲ್ಲ. ಅನ್ನ ಒಂದು ಬಿಟ್ಟರೆ ಲೋಕದಲ್ಲಿ ತಿನ್ನಲು ಎಷ್ಟೊಂದಿದೆ ಅಂತ ತಿಳಿಯುವುದೇ ಉಪವಾಸದ ದಿನ. ಕೆರೆಕಟ್ಟೆಯಲ್ಲಿ, ನನ್ನ ತವರಲ್ಲಿ, ನಾವು ಮಕ್ಕಳು ಉಪವಾಸಕ್ಕೆ ಹಬ್ಬಕ್ಕಿಂತ ಹೆಚ್ಚು ಕಾಯುತ್ತಿದ್ದೆವು. ಮತ್ತೆ ಕಾಫಿ ಕುಡಿದರೆ ವ್ರತ ಕೆಡುತ್ತದೆ ಅಂತ ಕೊಪ್ಪ ತಾಲೂಕಿನ ಯಾವ ದೇವರೂ ಇವತ್ತಿನವರೆಗೆ ಅಪ್ಪಣೆ ಕೊಟ್ಟದ್ದು ನನಗೆ ಗೊತ್ತಿಲ್ಲ.

"ನಾಳೆ ಬನ್ನಿ. ಇವತ್ತು ರಾತ್ರಿ ಬೇಗ ಊಟ ಮಾಡಿ. ಆಮೇಲೆ ನೀರು. ಬರೀ ನೀರು. ನೀರು ಅಂದ್ರೆ ಎಂಥ ಅಂತ ಗೊತ್ತಲ್ಲ ಅಜ್ಜಿ?" ಅಂದಳು ರಶ್ಮಿ.

"ಗೊತ್ತಮ್ಮ. ಬಾವೀಲಿ ಇರ್ತದೆ."

ಆ ರಾತ್ರಿಯ ನಿಜವಾದ ಉಪವಾಸ ಇದೆಯಲ್ಲ, ಅದು ನಮ್ಮ ಮನೆಯ ಇತಿಹಾಸದಲ್ಲಿ ಮೊದಲನೆಯದು. ಹೊತ್ತು ಮುಳುಗುವ ಮುಂಚೆ ಎರಡು ರೊಟ್ಟಿ ತಿಂದು ಎದ್ದವರು ಸ್ವಲ್ಪ ಹೊತ್ತಿಗೇ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಒಂದು ಹಪ್ಪಳ ಸುಟ್ಟು ತಿಂದ್ರೆ? ಸುಟ್ಟಿದ್ರಲ್ಲಿ ಎಣ್ಣೆ ಇರಲ್ಲ." "ನೀರು ಕುಡೀರಿ." ಮತ್ತೆ ಬಂದರು. "ಮಜ್ಜಿಗೆ ನೀರಲ್ವಾ?" "ಅಲ್ಲ." ಅತ್ತೆ ಮಗನ ಸಂಕಟ ನೋಡಲಾರದೆ ತಾವೂ ಊಟ ಬಿಟ್ಟು ಮಲಗಿದರು. ನಾನೊಬ್ಬಳು ಹೇಗೆ ತಿನ್ನಲಿ? ಬೆಕ್ಕು ಮಾತ್ರ ಹೊಟ್ಟೆತುಂಬ ತಿಂದು ಮೂವರನ್ನೂ ಒಂದು ಥರ ನೋಡಿತು.

ರಿಪೋರ್ಟ್ ಬಂತು. ಡಾಕ್ಟರಮ್ಮ ಕನ್ನಡಕ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ನೋಡಿದರು. ನಾನು ಅವರ ಮೇಜಿನ ಮೇಲಿದ್ದ ಪೇಪರ್ ವೆಯ್ಟನ್ನೇ ದಿಟ್ಟಿಸುತ್ತಿದ್ದೆ. ಅದರೊಳಗೆ ಒಂದು ಕೆಂಪು ಹೂವಿತ್ತು. "ಸ್ವಲ್ಪ ಮೇಲಿದೆ. ಹೆದರೋ ಅಂಥದ್ದಲ್ಲ. ಶಿವಮೊಗ್ಗ ಬೇಡ, ಬಸ್ಸು ಓಡ್ಸಿ" ಅಂದರು. ಇವರು "ಹೌದಾ" ಅಂದರು. ಅಷ್ಟೇ. ಆದರೆ ಹಿಡಿದುಕೊಂಡಿದ್ದ ನನ್ನ ಕೊಡೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಡಾಕ್ಟರಮ್ಮನ ಕೋಣೆಯೊಳಗೆ ಕೊಡೆ ಬಿಚ್ಚುವ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ಡಾಕ್ಟರಮ್ಮ ಬಿಡಲಿಲ್ಲ. ಹೊರಗೆ ಜನ ಕಡಿಮೆ ಇದ್ದರು ಅನ್ನಿಸುತ್ತದೆ, ಕೂರಿಸಿಕೊಂಡು ಹೇಳಿದರು. "ನೋಡಿ, ಅವತ್ತು ನಾವು ನೋಡಿದ್ದು ನೀವು ಆ ರಾತ್ರಿ ತಿಂದ ತುಪ್ಪ, ಸಕ್ಕರೆ. ಅದು ರಕ್ತದಲ್ಲಿ ಬಂದು ಹೋಗೋದು. ಆದ್ರೆ ಕೊಬ್ಬಲ್ಲಿ ಬೇರೆ ಬೇರೆ ಜಾತಿ ಉಂಟು. ನೀವು ತಿಂಗಳುಗಟ್ಟಲೆ ಯಾವ ಎಣ್ಣೆ, ಯಾವ ಮೀನು ತಿಂತೀರೋ ಅದರ ಅಂಶ ರಕ್ತದ ಕೆಂಪು ಕಣಗಳ ಗೋಡೆಗೆ ಸೇರ್ಕೊಳ್ಳುತ್ತೆ. ಇನ್ನು ಚರ್ಮದ ಕೆಳಗಿನ ಕೊಬ್ಬಲ್ಲಿ ವರ್ಷಗಳ ಊಟ ಕೂತಿರುತ್ತೆ. ದೊಡ್ಡ ದೊಡ್ಡ ಕಡೆ ಅದನ್ನೆಲ್ಲ ಅಳೆದು, ಯಾವುದು ಜಾಸ್ತಿ ಇದ್ದವರಿಗೆ ಮುಂದೆ ಎಂಥ ಕಾಯಿಲೆ ಬರೋ ಸಂಭವ ಅಂತ ವರ್ಷಗಟ್ಟಲೆ ನೋಡ್ತಾರೆ. ಇಲ್ಲಿ ಆ ಯಂತ್ರ ಇಲ್ಲ, ಬೇಕಾಗೂ ಇಲ್ಲ. ಒಂದು ರಾತ್ರಿ ಊಟದಿಂದ ಹೃದಯ ಕೆಡಲ್ಲ, ಒಂದು ರಾತ್ರಿ ಉಪವಾಸದಿಂದ ಸರಿಯೂ ಆಗಲ್ಲ. ದಿನಾ ಏನು ತಿಂತೀರಿ ಅನ್ನೋದೇ ಮುಖ್ಯ."

ಇವರು ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟರು. ಆಮೇಲೆ, "ಅಂದ್ರೆ ಡಾಕ್ಟ್ರೇ, ರಕ್ತದಲ್ಲಿ ತೇಲೋದು ಟಿಕೆಟ್ ಪ್ಯಾಸೆಂಜರು. ಹತ್ತಿದ, ಇಳಿದ. ಕೆಂಪು ಕಣದಲ್ಲಿ ಇರೋದು ತಿಂಗಳ ಪಾಸಿನವರು. ಚರ್ಮದ ಅಡಿಗೆ ಇರೋದು ಕಿಟಕಿ ಪಕ್ಕ ಟವೆಲ್ ಹಾಕಿ ಸೀಟು ಹಿಡಿದು ವರ್ಷಗಟ್ಟಲೆ ಏಳದವರು" ಅಂದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. "ಹೌದು, ಸರಿಯಾಗಿ ಹೇಳಿದ್ರಿ. ಕೆಟ್ಟ ಪ್ಯಾಸೆಂಜರನ್ನ ಎಳೆದು ಇಳಿಸೋಕೆ ಆಗಲ್ಲ. ಒಳ್ಳೆಯವರನ್ನ ದಿನಾ ಹತ್ತಿಸ್ಕೊಂಡು ಹೋದ್ರೆ ನಿಧಾನಕ್ಕೆ ಸೀಟು ಬದಲಾಗುತ್ತೆ."

"ಒಳ್ಳೆಯವರು ಅಂದ್ರೆ ಯಾರು?"

"ಬೂತಾಯಿ, ಬಂಗುಡೆ. ಸಾರು ಮಾಡಿ, ಹುರೀಬೇಡಿ. ಕಾಳು, ಸೊಪ್ಪು. ಕರಿದ ಎಣ್ಣೇಲೇ ಮತ್ತೆ ಮತ್ತೆ ಕರಿಯೋದು ಬಿಡಿ. ತುಪ್ಪ ಯಾವಾಗ್ಲೋ ಒಂದು ಚೂರು. ನಡೀರಿ, ಇಡೀ ದಿನ ಕೂತೇ ಇರ್ತೀರಿ."

ನಮ್ಮ ಜೊತೆಗೇ ಬಂದು ಕೂತಿದ್ದ ಅತ್ತೆ ಕೇಳಿದರು: "ಇವ್ರಪ್ಪ ಇದೇ ವಯಸ್ಸಿಗೆ ಹೋದ್ರಲ್ಲ ಡಾಕ್ಟ್ರೇ? ಅದು?" ಇವರು ಪೇಪರ್ ವೆಯ್ಟ್ ನೋಡಲು ಶುರುಮಾಡಿದರು. ಬಹುಶಃ ಅದೇ ಕೆಂಪು ಹೂವು.

"ಅದು ಲೆಕ್ಕಕ್ಕೆ ಬರುತ್ತೆ ಅಮ್ಮ, ಇಲ್ಲ ಅನ್ನಲ್ಲ. ಅದಕ್ಕೇ ಹುಷಾರಾಗಿರ್ಬೇಕು ಅನ್ನೋದು. ಅವರು ಬೀಡಿ ಸೇದ್ತಿದ್ರಾ?"

"ಸೇದೋದಾ! ಮಲಗಿದಾಗ ಒಂದು ಬಿಟ್ಟು ಉಳಿದ ಹೊತ್ತೆಲ್ಲ. ಲಾರಿ ಬರೋದು ಹೊಗೆ ನೋಡಿ ಗೊತ್ತಾಗ್ತಿತ್ತು, ಲಾರಿದಲ್ಲ, ಅವರದ್ದು."

"ಇವರು ಸೇದ್ತಾರಾ?"

"ಅವ ಬಾಯಿಗೆ ಬೀಡಿ ಇಟ್ರೆ ಕಡ್ಡಿ ನಾನೇ ಗೀರ್ತೀನಿ, ಬಾಯಿಗೇ" ಅಂದರು ಅತ್ತೆ.

"ಹಂಗಾದ್ರೆ ಅಪ್ಪನ ರೂಟೇ ಬೇರೆ, ಮಗನ ರೂಟೇ ಬೇರೆ" ಅಂದರು ಡಾಕ್ಟರಮ್ಮ. ಬಸ್ಸಿನ ಭಾಷೆ ಅವರಿಗೂ ಅಂಟಿತ್ತು.

ಹೊರಗೆ ಬಂದು ಮೂವರೂ ಹೋಟೆಲಿಗೆ ಹೋಗಿ ಕಾಫಿ ಕುಡಿದೆವು. ಇವರು ಸಕ್ಕರೆ ಕಮ್ಮಿ ಹೇಳಿದರು. ಅತ್ತೆ ತಮಗೆ ಜಾಸ್ತಿ ಹೇಳಿದರು.

ಅಂದಿನಿಂದ ನನಗೊಂದು ಹುಚ್ಚು. ಫಾಲ್ ಹಚ್ಚುತ್ತಾ ಕೂತಾಗ, ನನ್ನೊಳಗೆ ಯಾರ್ಯಾರು ಟವೆಲ್ ಹಾಕಿ ಸೀಟು ಹಿಡಿದಿರಬಹುದು ಅಂತ ಯೋಚಿಸುವುದು. ಸೊಂಟದ ಬಳಿ ಇರುವುದಂತೂ ಈಗ ಹಾಸ್ಟೆಲಿನಲ್ಲಿರುವ ಮಕ್ಕಳಲ್ಲಿ ಕಿರಿಯದರ ಬಾಣಂತನದ ತುಪ್ಪ, ಅದು ಏಳುವ ಪೈಕಿಯಲ್ಲ. ಕೆರೆಕಟ್ಟೆಯ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿ ಕೂರುತ್ತಿತ್ತು. ಶಾಲೆಗೆ ಹೊರಡುವ ಮುಂಚೆ ಅವ್ವ ಅದನ್ನು ಬಚ್ಚಲ ಒಲೆಯ ಪಕ್ಕ ಇಡುತ್ತಿದ್ದಳು. ಕರಗುವಷ್ಟು ತಾಳ್ಮೆ ನನಗಿಲ್ಲ. ಕಡ್ಡಿ ಹಾಕಿ ಕೆರೆದು, ಅರ್ಧ ತಲೆಗೆ, ಅರ್ಧ ಬಾಯಿಗೆ. ಅಪ್ಪ ಕಾಡಿನಿಂದ ಮುರುಗಲ ಹುಳಿಹಣ್ಣಿನ ಬೀಜ ತಂದರೆ ಅವ್ವ ಅದನ್ನು ಜಜ್ಜಿ, ಕುದಿಸಿ, ಮೇಲೆ ತೇಲಿದ ತುಪ್ಪ ತೆಗೆದು ಉಂಡೆ ಕಟ್ಟುತ್ತಿದ್ದಳು, ಅಪ್ಪನ ಒಡೆದ ಹಿಮ್ಮಡಿಗೆ. ಅದರಲ್ಲೂ ನನ್ನ ಬೆರಳಿನ ಗುರುತು ಇರುತ್ತಿತ್ತು. ಅಪ್ಪನ ಕೂಲಿ ಬಂದ ದಿನ ಮಾತ್ರ ಎಣ್ಣೆ ಒಗ್ಗರಣೆ. ಸಾಸಿವೆ ಸಿಡಿದ ಸದ್ದಿಗೆ ಪಕ್ಕದ ಮನೆಯವರು, "ಏನೇ, ಇವತ್ತು ಜೋರಾ?" ಅಂತ ಕೂಗುತ್ತಿದ್ದರು. ಆಗ ಮೈಯಲ್ಲಿ ಕೊಬ್ಬಿದ್ದವರನ್ನು ಕಂಡರೆ "ಮೈಕೈ ತುಂಬ್ಕೊಂಡು ಲಕ್ಷಣವಾಗಿದ್ದಾಳೆ" ಅನ್ನುತ್ತಿದ್ದರು. ನನಗೆ ಆ ಮಾತು ಯಾರೂ ಅಂದಿರಲಿಲ್ಲ. ಈಗ ಅನ್ನಬಹುದಾದ ಹೊತ್ತಿಗೆ ಅದು ಹೊಗಳಿಕೆಯಾಗಿ ಉಳಿದಿಲ್ಲ. ನನ್ನ ಟೈಮಿಂಗ್ ಯಾವಾಗಲೂ ಹೀಗೇ.

ಬೂತಾಯಿಯನ್ನೇ ನೋಡಿ. ಸಾರು ಆರಿದ ಮೇಲೂ ಅದರ ಎಣ್ಣೆ ಹೆಪ್ಪುಗಟ್ಟುವುದಿಲ್ಲ, ಮೇಲೆ ತೆಳ್ಳಗೆ ಹೊಳೆಯುತ್ತಾ ಓಡಾಡಿಕೊಂಡಿರುತ್ತದೆ. ತಣ್ಣನೆ ನೀರಲ್ಲಿ ಈಜುವ ಜೀವ, ಅದರ ಕೊಬ್ಬು ಹೆಪ್ಪುಗಟ್ಟಿದರೆ ಅದು ಈಜುವುದು ಹೇಗೆ ಅಂತ ಡಾಕ್ಟರಮ್ಮ ಆಮೇಲೊಮ್ಮೆ ಹೇಳಿದ್ದು ನೆನಪಾಗುತ್ತದೆ. ಹಾಗಾಗಿ ಈಗ ನಮ್ಮಲ್ಲಿ ಮೀನು ಹುರಿಯುವುದು ಅಪರೂಪ, ಸಾರು ಹೆಚ್ಚು. ಊಟವಾದ ಮೇಲೆ ಇವರು ಬಸ್ ನಿಲ್ದಾಣದ ತನಕ ನಡೆದು ಬರುತ್ತಾರೆ. ಇಡೀ ದಿನ ಅಲ್ಲೇ ಇದ್ದವರು ಮತ್ತೆ ಅಲ್ಲಿಗೇ ಯಾಕೆ ಹೋಗುತ್ತೀರಿ ಅಂದರೆ, "ಬಸ್ಸಿಲ್ದೆ ಹೋದ್ರೆ ಅದೇ ಬೇರೆ ಊರು ಥರ ಕಾಣುತ್ತೆ" ಅನ್ನುತ್ತಾರೆ. ಸಿಳ್ಳೆ ವಾಪಸ್ ಬಂದಿದೆ. ನಡುವೆ ಮತ್ತೊಂದು ರಿಪೋರ್ಟೂ ಬಂತು, ಅದು ಮೊದಲಿನದಕ್ಕಿಂತ ಚೆನ್ನಾಗಿತ್ತು. ಅತ್ತೆ ಅದನ್ನು ಓದಲು ಬಾರದಿದ್ದರೂ ತಿರುಗಿಸಿ ತಿರುಗಿಸಿ ನೋಡಿ, "ಅಕ್ಷರ ಚಲೋ ಬಂದಿದೆ" ಅಂದರು.

ಇವತ್ತು ಇವರು ಹುಟ್ಟಿದ ದಿನ. ಬೆಳಿಗ್ಗೆ ಹೊರಡುವಾಗ ಯಾರೂ ಆ ಮಾತೆತ್ತಲಿಲ್ಲ. ಎತ್ತಿದರೆ ಮಾವನ ವಯಸ್ಸೂ ಬರುತ್ತದೆ. ಇವತ್ತಿಗೆ ಇವರು ತಮ್ಮ ಅಪ್ಪ ಎಂದೂ ಮುಟ್ಟದ ವಯಸ್ಸಿಗೆ ಕಾಲಿಟ್ಟರು. ಅದು ಇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅತ್ತೆಗೆ ಗೊತ್ತಿದೆ ಅಂತ ನನಗೆ ತಿಳಿದದ್ದು, ಬೆಳಿಗ್ಗೆ ಇವರು ಚಪ್ಪಲಿ ಮೆಟ್ಟುವಾಗ ಅವರು ಸುಮ್ಮನೆ ಬಂದು ಮಗನ ಅಂಗಿಯ ಕಾಲರ್ ಸರಿಮಾಡಿ ಒಳಗೆ ಹೋದಾಗ. ಕಾಲರ್ ಸರಿಯಾಗೇ ಇತ್ತು.

ಇವರು ಕೊನೆಯ ಟ್ರಿಪ್ ಮುಗಿಸಿ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕೊಟ್ಟೆ, ಮಣ್ಣು ತುಂಬಿದ ಚೀಲ. ಶೃಂಗೇರಿಯಲ್ಲಿ ತೆಗೆದುಕೊಂಡದ್ದಂತೆ, ಡ್ರೈವರ್ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡು ತಂದಿದ್ದರು. ನೋಡಿದರೆ ಹಲಸಿನ ಗಿಡ, ನಾಲ್ಕೇ ಎಲೆ.

"ಕಸಿಯದ್ದಾ?" ಅಂದೆ. "ಕಸಿಯದ್ದಾದ್ರೆ ಬೇಗ ಬಿಡುತ್ತೆ."

"ಬೀಜದ್ದು" ಅಂದರು. "ನಿಧಾನಕ್ಕೆ ಬರ್ಲಿ. ನಂಗೆಂಥ ಅರ್ಜೆಂಟು?"

ನಾನು ಗಿಡದ ಕೊಟ್ಟೆಗೆ ಒಂದು ಚೆಂಬು ನೀರು ಹಾಕಿ ಬಾಗಿಲ ಪಕ್ಕ ಇಟ್ಟೆ. ತಟ್ಟೆ ಹಾಕಲು ಒಳಗೆ ಬಂದರೆ, ಇವರ ತಟ್ಟೆ ಆಗಲೇ ಹಾಕಿತ್ತು. ಅದರ ಮೇಲೆ ಮಿಳ್ಳೆ, ಫಳಫಳ ಹೊಳೆಯುತ್ತಾ. ಸಂಜೆಯೇ ಅತ್ತೆ ನನಗೆ ತಾಕೀತು ಮಾಡಿದ್ದರು: "ಒಂದು ಮಿಳ್ಳೆ ಹಾಕು. ಒಂದೇ. ಎರಡನೇದಕ್ಕೆ ಕೈಹಾಕಿದ್ರೆ ಮತ್ತೆ ಭರಣಿಗೆ ಹೋಗುತ್ತೆ ಅಂತ ಹೇಳು."

ಮೊದಲ ಕಡುಬಿಗೆ ಆ ಒಂದು ಮಿಳ್ಳೆ ತುಪ್ಪ. ಉಳಿದವಕ್ಕೆ ಬೂತಾಯಿ ಸಾರು. ಜೊತೆಗೆ ಈರುಳ್ಳಿ, ಹುರುಳಿಕಾಳಿನ ಮಿಕ್ಕ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಚೂರು. ಇವರು ತಿಂದರು, ಕೈ ತೊಳೆದರು, ಎಂದಿನಂತೆ ದೊಡ್ಡದಾಗಿ ತೇಗಿದರು. ಆಮೇಲೆ ಇಬ್ಬರೂ ಆಚೆ ಕೋಣೆಯ ಕಡೆ ಕಿವಿಗೊಟ್ಟೆವು. ಮಗ್ಗುಲಾಗುವ ಮಂಚದ ಸದ್ದು ಬರಲಿಲ್ಲ. ಇವರು ಹೆದರಿ ಎದ್ದು ಹೋಗಿ ಬಗ್ಗಿ ನೋಡಿ, ಬಾಯಿಗೆ ಬೆರಳಿಟ್ಟುಕೊಂಡು ನನ್ನನ್ನು ಕರೆದರು.

ಅತ್ತೆ ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತಾ ನಿದ್ದೆ ಮಾಡುತ್ತಿದ್ದರು. ಮಗನ ಬಸ್ಸು ಬರುವ ಮೊದಲೇ ಮಲಗಿಬಿಟ್ಟಿದ್ದರು.